ಊಟದ ಮನೆಯ ಕ್ಯಾಲ್ಕುಲಸ್

ತ್ಯಾಗರಾಜನಗರದ ಆ ರಸ್ತೆಯಲ್ಲಿ ಸಂಕರ್ಷಣ ಮೇಷ್ಟ್ರ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಸಂಜೆ ಹೊತ್ತು ಯಾವ ಗೇಟಿನ ಮುಂದೆ ಸ್ಕೂಟರುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೋ ಅದೇ ಮನೆ. ಚಾಮರಾಜಪೇಟೆಯ ಕಾಲೇಜೊಂದರಲ್ಲಿ ಗಣಿತ ಹೇಳಿ ನಿವೃತ್ತರಾದ ಮೇಷ್ಟ್ರು ಮನೆಯ ಹಾಲನ್ನೇ ಕಾಲೇಜು ಮಾಡಿಕೊಂಡಿದ್ದರು. ಗೋಡೆ ತುಂಬ ಬೋರ್ಡು, ಎದುರಿಗೆ ಬೆಂಚು. ಬಿ.ಎಸ್ಸಿ., ಎಂಜಿನಿಯರಿಂಗ್ ಹುಡುಗರಿಗೆ ಅಲ್ಲಿ ಕ್ಯಾಲ್ಕುಲಸ್, ಅದಾದ ಮೇಲೆ ಡಿಫರೆನ್ಷಿಯಲ್ ಈಕ್ವೇಷನ್ಸ್. ಆಲ್ಜೀಬ್ರಾ ಮಾತ್ರ ಹಾಲಿನಲ್ಲಿ ಇಲ್ಲ. ಮೇಷ್ಟ್ರ ಪ್ರಕಾರ ಅದು ಗಣಿತವಲ್ಲ, ಗಣಿತಕ್ಕೆ ಮುಂಚೆ ಕೈಕಾಲು ತೊಳೆದುಕೊಳ್ಳುವ ಕೆಲಸ.

ಆ ಕೆಲಸವನ್ನು ಹೆಂಡತಿ ಭಾಗೀರಥಮ್ಮನವರಿಗೆ ಬಿಟ್ಟಿದ್ದರು. ಆಕೆಯೂ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿ ರಿಟೈರಾದವರೇ. ಊಟದ ಮನೆಯಲ್ಲಿ ಚಾಪೆ ಹಾಸಿ, ಗೋಡೆಗೆ ಒಂದು ಚಿಕ್ಕ ಬೋರ್ಡು ಒರಗಿಸಿ, ಸೂತ್ರಗಳು ಮರೆತುಹೋಗಿ ಬಂದ ಮಕ್ಕಳನ್ನು ತಿದ್ದಿ ತೀಡಿ ಕೊಡುತ್ತಿದ್ದರು. ಹಾಗೆ ತಯಾರಾದವರನ್ನು ವಿಜಯದಶಮಿಯ ದಿನ ಹಾಲಿಗೆ ಕರೆಯುವುದು ಆ ಮನೆಯ ಪದ್ಧತಿ. ಮೇಷ್ಟ್ರು ಮಡಿಪಂಚೆ ಉಟ್ಟು, ಬೋರ್ಡಿನ ಮೇಲೆ ಶ್ರೀಕಾರ ಬರೆದು, ಅದರ ಕೆಳಗೆ ಕ್ಯಾಲ್ಕುಲಸ್‌ನ ಮೊದಲನೇ ಲಿಮಿಟ್ ಬರೆಯುತ್ತಿದ್ದರು. ಆಮೇಲೆ ಎಲ್ಲರಿಗೂ ಎಲೆಯ ಮೇಲೆ ಕಡಲೆಬೇಳೆಯ ಹಯಗ್ರೀವ.

ಈ ಸಲದ ವಿಜಯದಶಮಿಯಂದು ಪ್ರತಿಭಾ ಎಂಬ ಹುಡುಗಿ ಹಯಗ್ರೀವ ತಿಂದು, ಕೈ ತೊಳೆದುಕೊಂಡು, ನೆಟ್ಟಗೆ ಊಟದ ಮನೆಗೆ ಹೋಗಿ ಚಾಪೆಯ ಮೇಲೆ ಕೂತುಬಿಟ್ಟಳು.

"ಏನಮ್ಮಾ, ದಾರಿ ತಪ್ತಾ?" ಎಂದರು ಮೇಷ್ಟ್ರು.

"ಇಲ್ಲ ಸಾರ್. ನಾನು ಮೇಡಂ ಹತ್ರಾನೇ ಕ್ಯಾಲ್ಕುಲಸ್ ಕಲೀತೀನಿ."

"ಮೇಡಂ ಕ್ಯಾಲ್ಕುಲಸ್ ಮಾಡಲ್ಲ."

"ಮಾಡ್ತೀನಿ ಅಂದಿದಾರೆ ಸಾರ್."

ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಆಕೆ ಎಲೆ ಎತ್ತುತ್ತಾ, "ಕೇಳಿದ್ಳು, ಹ್ಞೂಂ ಅಂದೆ. ನಾನೂ ಬಿ.ಎಸ್ಸಿ. ಮಾಡಿದೀನಲ್ಲ, ಒಂದು ಸಲ ತಿರುವಿ ಹಾಕಿದ್ರೆ ಬರುತ್ತೆ" ಎಂದರು. ಅಷ್ಟೇ. ಗಂಡನ ಸಿಂಹಾಸನದ ಕಾಲು ಮುರಿದೆ ಎಂಬ ಅರಿವು ಆಕೆಗೆ ಇದ್ದಂತೆ ಕಾಣಲಿಲ್ಲ. ಪ್ರತಿಭಾಳ ಹಿಂದೆ ಬಿನ್ನಿಪೇಟೆಯ ನಿಶಾಂತ್ ಹೋದ, ಅವನ ಹಿಂದೆ ಇನ್ನು ಕೆಲವರು. ಸಂಕ್ರಾಂತಿಗೆ ಎಳ್ಳು ಬೀರುವ ಹೊತ್ತಿಗೆ ಹಾಲಿನ ಬೆಂಚುಗಳಲ್ಲಿ ಕಾಲು ಚಾಚಿ ಕೂರುವಷ್ಟು ಜಾಗ ಆಗಿತ್ತು, ಒಳಗೆ ಚಾಪೆ ಸಾಲದೆ ಜಮಖಾನ ಬಂದಿತ್ತು.

ಮೇಷ್ಟ್ರಿಗೆ ಹೊಟ್ಟೆಕಿಚ್ಚು ಶುರುವಾಯಿತು. ಬೇರೆ ಯಾರ ಮೇಲಾದರೂ ಆಗಿದ್ದರೆ ಹೆಂಡತಿಯ ಹತ್ತಿರ ಹೇಳಿಕೊಂಡು ಹಗುರಾಗುತ್ತಿದ್ದರು. ಹೆಂಡತಿಯ ಮೇಲೇ ಹುಟ್ಟಿದ್ದನ್ನು ಯಾರ ಮುಂದೆ ಹೇಳುವುದು? ಒಳಗಿನಿಂದ ನಗು ಕೇಳಿಸಿದರೆ ಸಾಕು, ಬೋರ್ಡಿನ ಮೇಲೆ ಅವರ ಕೈ ನಿಲ್ಲುತ್ತಿತ್ತು. ಇಂಟಿಗ್ರೇಷನ್‌ನಲ್ಲಿ ನಗುವಂಥದ್ದು ಏನಿದೆ? ಇಷ್ಟು ವರ್ಷ ಪಾಠ ಮಾಡಿದರೂ ಅವರಿಗೆ ಅಂಥದ್ದೊಂದು ಸಿಕ್ಕಿರಲಿಲ್ಲ. ಗಾಂಧಿ ಬಜಾರಿನಲ್ಲಿ ಹಳೆಯ ಶಿಷ್ಯರು ಎದುರಾದರೆ ನಮಸ್ಕಾರ ಮುಗಿಯುವ ಮೊದಲೇ "ಮೇಡಂ ಹೇಗಿದಾರೆ ಸಾರ್?" ಎನ್ನುತ್ತಿದ್ದರು. ಪಾಸಾದ ಹುಡುಗರ ತಾಯಂದಿರು ಬಂದರೆ ಮೇಷ್ಟ್ರ ಕೈಗೆ ಬೇಕರಿಯ ಡಬ್ಬ ಕೊಟ್ಟು, ಅಡಿಗೆ ಮನೆಗೇ ಹೋಗಿ ಭಾಗೀರಥಮ್ಮನವರಿಗೆ ಅರಿಶಿನ ಕುಂಕುಮ ಹಚ್ಚಿ, ಗಂಟೆಗಟ್ಟಲೆ ಹರಟುತ್ತಿದ್ದರು. ಮೇಷ್ಟ್ರು ಹಾಲಿನಲ್ಲಿ ಡಬ್ಬ ಹಿಡಿದುಕೊಂಡು ಕೂತಿರಬೇಕು.

ಕೊನೆಗೆ ಒಂದು ಉಪಾಯ ಹೊಳೆಯಿತು. ಘನವಾದ ಉಪಾಯವೇನಲ್ಲ, ಆದರೆ ಹೊಟ್ಟೆ ಉರಿಯುವವರಿಗೆ ಘನವಾದದ್ದು ಹೊಳೆಯುವುದೂ ಇಲ್ಲ. ಭಾಗೀರಥಮ್ಮ ಆಗಷ್ಟೇ ಡಿಫರೆನ್ಷಿಯಲ್ ಈಕ್ವೇಷನ್ಸ್‌ಗೆ ಕೈ ಹಾಕಿದ್ದರು. ಅದರಲ್ಲಿ ಒಂದು ಜಾತಿಯ ಲೆಕ್ಕಕ್ಕೆ ಉತ್ತರದ ಆಕಾರವನ್ನು ಮೊದಲೇ ಊಹಿಸಿ, ಸಮೀಕರಣದಲ್ಲಿ ಹಾಕಿ ನೋಡಬೇಕು. ಬಲಗಡೆ ಸೈನ್ ಇದ್ದರೆ ಉತ್ತರದಲ್ಲೂ ಸೈನ್, ಕೊಸೈನ್ ಇರುತ್ತದೆ ಎಂದು ಊಹೆ. ಎಲ್ಲೋ ಕೆಲವು ಲೆಕ್ಕಗಳಲ್ಲಿ ಮಾತ್ರ ಆ ಊಹೆ ಹಾಕಿದ ತಕ್ಷಣ ಎಡಗಡೆ ಎಲ್ಲವೂ ಹೊಡೆದುಹೋಗಿ ಬರೀ ಸೊನ್ನೆ ಉಳಿಯುತ್ತದೆ. ಆಗ ಊಹೆಯನ್ನು ಎಕ್ಸ್‌ನಿಂದ ಗುಣಿಸಬೇಕೆಂಬುದು ನಿಯಮ. ಈ ಗುಟ್ಟು ಹೆಂಡತಿಗೆ ನೆನಪಿರಲಾರದೆಂದು ಮೇಷ್ಟ್ರಿಗೆ ಖಾತ್ರಿಯಿತ್ತು. ಅಂಥದ್ದೇ ಒಂದು ಲೆಕ್ಕವನ್ನು ಚೀಟಿಯಲ್ಲಿ ಬರೆದು ಪ್ರತಿಭಾಳ ಕೈಗಿತ್ತರು. "ನಿಮ್ಮ ಮೇಡಂಗೆ ಕೊಡು. ಸುಲಭದ್ದು, ಈಗಲೇ ಮಾಡಿಸಿಕೋ."

ತಾವು ಊಟದ ಮನೆಯ ಬಾಗಿಲ ಪರದೆಯ ಹಿಂದೆ ನಿಂತರು.

ಎಣಿಸಿದಂತೆಯೇ ಆಯಿತು. ಭಾಗೀರಥಮ್ಮ ಸೈನು, ಕೊಸೈನು ಊಹಿಸಿದರು, ಹಾಕಿದರು, ಎಡಗಡೆ ಸೊನ್ನೆ. ಅಳಿಸಿ ಇನ್ನೊಮ್ಮೆ ಮಾಡಿದರು. ಮತ್ತೆ ಸೊನ್ನೆ. ಮೇಷ್ಟ್ರಿಗೆ ಸಕ್ಕರೆ ತಿಂದಷ್ಟು ಸುಖವಾಯಿತು. ಈಗ ಕರೆಯುತ್ತಾಳೆ, ತಾನು ಒಳಗೆ ಹೋಗಿ ಒಂದೇ ಒಂದು ಎಕ್ಸ್ ಬರೆದು ಸುಮ್ಮನೆ ಹೊರಗೆ ಬರುವುದು. ಮಕ್ಕಳು ತಾವಾಗಿಯೇ ಹಿಂದೆ ಬರುತ್ತವೆ.

"ಸೋತೆ ಕಣ್ರೋ" ಎಂದರು ಭಾಗೀರಥಮ್ಮ, ನಗುತ್ತಾ. "ಈ ಲೆಕ್ಕ ನನ್ನ ಹತ್ರ ಬಗ್ತಾ ಇಲ್ಲ. ಯಾಕೆ ಸೊನ್ನೆ ಬರ್ತಿದೆ, ಯಾರಿಗಾದ್ರೂ ಏನಾದ್ರೂ ಅನ್ಸುತ್ತಾ?"

ಮಕ್ಕಳು ನೋಟ್‌ಬುಕ್ಕಿನ ಪುಟ ತಿರುವಿದರು. ಆಕೆಯೇ ಯೋಚಿಸುತ್ತಾ ಕೇಳಿದರು. "ಎಡಗಡೆ ಇರೋದು ಪಾರ್ಕಲ್ಲಿ ತನ್ನ ಪಾಡಿಗೆ ತೂಗೋ ಉಯ್ಯಾಲೆ, ಬಲಗಡೆ ಇರೋದು ಅದನ್ನ ತಳ್ಳೋ ಕೈ ಅಂದ್ಕೊಳ್ಳಿ. ಅದು ಹೋಗೋ ತಾಳಕ್ಕೇ ಸರಿಯಾಗಿ ಹಿಂದಿನಿಂದ ತಳ್ತಾ ಇದ್ರೆ?"

"ಮೇಲೆ ಮೇಲೆ ಹೋಗುತ್ತೆ ಮೇಡಂ" ಎಂದ ನಿಶಾಂತ್.

"ಹಾಗಾದ್ರೆ ನಮ್ಮ ಉತ್ತರಾನೂ ಬೆಳೀತಾ ಹೋಗ್ಬೇಕಲ್ವಾ? ಸೈನು, ಕೊಸೈನು ಬೆಳಿಯಲ್ಲವಲ್ಲ."

"ಪಕ್ಕದಲ್ಲಿ ಒಂದು ಎಕ್ಸ್ ಹಾಕೋಣ್ವಾ ಮೇಡಂ?" ಎಂದಳು ಪ್ರತಿಭಾ.

ಹಾಕಿದರು. ಲೆಕ್ಕ ಬಗ್ಗಿತು. ಒಳಗೆ ಚಪ್ಪಾಳೆ, ಕೂಗು, ಕುಕ್ಕರಿನ ಸೀಟಿ ಕೂಡ ಯಾರಿಗೂ ಕೇಳಿಸಲಿಲ್ಲ. ಪರದೆಯ ಹಿಂದೆ ಮೇಷ್ಟ್ರು ತುಟಿ ಕಚ್ಚಿಕೊಂಡು ನಿಂತಿದ್ದರು. ತಾವು ಇಷ್ಟು ವರ್ಷವೂ "ಇಂಥ ಕಡೆ ಎಕ್ಸ್‌ನಿಂದ ಗುಣಿಸಿ, ಬರ್ಕೊಳ್ಳಿ" ಎಂದು ಹೇಳಿ ಮುಂದಿನ ಲೆಕ್ಕಕ್ಕೆ ಹೋಗಿದ್ದರು. ಹುಡುಗರು ಬರೆದುಕೊಂಡಿದ್ದರು. ಯಾರೊಬ್ಬರೂ ಚಪ್ಪಾಳೆ ತಟ್ಟಿರಲಿಲ್ಲ. ಇವಳು ಸೋತು ಚಪ್ಪಾಳೆ ಗಿಟ್ಟಿಸಿದಳು! ಅವರಿಗೆ ರಾತ್ರಿ ಊಟ ಸೇರಲಿಲ್ಲ. ಸಾರು ಸಪ್ಪೆ ಎಂದರು. ಸಪ್ಪೆಯಾಗಿರಲಿಲ್ಲ.

ಆದರೆ ಸೋಲುವುದೇನು ಬ್ರಹ್ಮವಿದ್ಯೆಯೇ? ಮಾರನೆಯ ಸಂಜೆ ಹಾಲಿನಲ್ಲಿ ಉಳಿದಿದ್ದ ಹುಡುಗರ ಮುಂದೆ ಮೇಷ್ಟ್ರು ಅದೇ ಬಗೆಯ ಲೆಕ್ಕ ಬರೆದರು. ಬೇಕೆಂದೇ ತಪ್ಪು ಊಹೆ ಹಾಕಿದರು. ಸೊನ್ನೆ ಬಂತು. ಗದ್ದ ಕೆರೆದುಕೊಂಡು, ನಗು ತಂದುಕೊಂಡು, "ಸೋತೆ ಕಣ್ರೋ. ಯಾಕೆ ಹೀಗಾಯ್ತು, ಏನಾದ್ರೂ ಅನ್ಸುತ್ತಾ?" ಎಂದರು.

ಹುಡುಗರು ಬೆಚ್ಚಿದರು. ಮೇಷ್ಟ್ರ ಬಾಯಲ್ಲಿ ಆ ಮಾತು ಯಾರೂ ಕೇಳಿದ್ದಿಲ್ಲ. ಆ ನಗುವನ್ನಂತೂ ಕಂಡೇ ಇರಲಿಲ್ಲ. ಮುಂದಿನ ಬೆಂಚಿನ ಶಶಿಕಿರಣ್ ಸ್ವಲ್ಪ ಹೊತ್ತು ಕಾದ, ಆಮೇಲೆ ಎದ್ದು ಒಳಗೆ ಓಡಿದ.

"ಮೇಡಂ, ಬೇಗ ಬನ್ನಿ! ಸಾರ್‌ಗೆ ಏನೋ ಆಗಿದೆ. ಲೆಕ್ಕ ಬರ್ತಾ ಇಲ್ಲ!"

ಭಾಗೀರಥಮ್ಮ ಗಾಬರಿಯಿಂದ, ಚಾಕ್‌ಪೀಸ್ ಕೈಯಲ್ಲೇ ಹಿಡಿದು ಬಂದರು. ಹಿಂದೆ ಊಟದ ಮನೆಯ ಮಕ್ಕಳೆಲ್ಲ. ಹಾಲಿನ ಹುಡುಗರು ಎದ್ದು ನಿಂತರು. "ನಿಮಗೆ ತಲೆ ಗಿಲೆ ಸುತ್ತುತ್ತಾ ಇದೆಯೇನು?" ಎನ್ನುತ್ತಾ ಹಣೆ ಮುಟ್ಟಲು ಬಂದವರು ಬೋರ್ಡು ನೋಡಿದರು. ಅಲ್ಲಿದ್ದ ಲೆಕ್ಕ ನೋಡಿದರು. ಆಮೇಲೆ ಗಂಡನ ಮುಖ ನೋಡಿದರು, ನಿನ್ನೆಯ ಚೀಟಿ ಯಾಕೆ ಬಂದಿತ್ತೆಂಬುದೂ ಆ ಮುಖದ ಮೇಲೆಯೇ ಇತ್ತು. ಮೇಷ್ಟ್ರು ನೆಲ ನೋಡಿದರು. ಈಗ ಇವಳು ಒಂದು ಮಾತು ಆಡಿದರೆ ಮುಗಿಯಿತು, ನಾಳೆಯಿಂದ ಹಾಲಿಗೆ ಬೀಗ. ಇವಳ ಜಾಗದಲ್ಲಿ ತಾನಿದ್ದಿದ್ದರೆ ಆಡಿಯೇ ಬಿಡುತ್ತಿದ್ದೆ ಎಂದು ಅವರಿಗೆ ಗೊತ್ತಿತ್ತು.

"ಏನೂ ಆಗಿಲ್ಲ, ಕೂತ್ಕೊಳ್ರೋ" ಎಂದರು ಭಾಗೀರಥಮ್ಮ. "ಸಾರ್‌ಗೆ ಬರದೇ ಇರೋ ಲೆಕ್ಕಾನಾ? ನೀವೇ ಕಂಡುಹಿಡೀಲಿ ಅಂತ ನಿಲ್ಸಿದಾರೆ ಅಷ್ಟೇ."

"ಓ, ಹಾಗಾ ಮೇಡಂ!" ಎಂದು ಶಶಿಕಿರಣ್ ನಿಟ್ಟುಸಿರು ಬಿಟ್ಟ. ಎಲ್ಲರೂ ಕೂತರು. ಮೇಷ್ಟ್ರ ಕಡೆ ತಿರುಗಿದ ಮುಖಗಳಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ. ಮೇಡಂ ಹೇಳಿದ್ದರಲ್ಲ, ಅದಕ್ಕೆ ನಂಬಿದ್ದರು.