ಗೆರ್ದೀನ್ ಜೋಡಿಸಿದ ಪರದೆಗಳು

ಆಮ್‌ಸ್ಟರ್‌ಡ್ಯಾಮಿನ ಕಾಲುವೆ ದಂಡೆಯ ಆ ಷೇರು ಕಚೇರಿಯಲ್ಲಿ ಗೆರ್ದೀನ್ ಹುಕ್‌ಸ್ತ್ರಾಗೆ ಇಪ್ಪತ್ತೊಂಬತ್ತು ವರ್ಷದ ಸರ್ವಿಸು. ಗಂಟಲು ಹರಿಯುವಂತೆ ಕೂಗಿ ಷೇರು ಮಾರುತ್ತಿದ್ದ ಕಾಲದಲ್ಲಿ ಆರ್ಡರಿನ ಚೀಟಿ ಹಿಡಿದು ಓಡಾಡಲು ಸೇರಿದವಳು. ಕೂಗಾಟ ನಿಂತು ಎಲ್ಲರೂ ಕಂಪ್ಯೂಟರಿನ ಮುಂದೆ ಕೂತ ಮೇಲೆ, ಪರದೆಯ ಮೇಲೆ ಏನು ಎಲ್ಲಿರಬೇಕೆಂದು ಜೋಡಿಸುವುದರಲ್ಲಿ ಅವಳನ್ನು ಮೀರಿಸುವವರೇ ಇರಲಿಲ್ಲ.

"ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಹುಡುಕ್ತಾ ನಿಂತ್ರೆ ಒಲೆ ಮೇಲಿದ್ದದ್ದು ಸೀದು ಹೋಗತ್ತೆ," ಎನ್ನುವಳು.

ಎಡಗಡೆ ಇಡೀ ಮಾರುಕಟ್ಟೆಯ ಚಾರ್ಟು. ನಡುವೆ ಆ ಹೊತ್ತು ಕಣ್ಣಿಟ್ಟ ಒಂದೇ ಕಂಪನಿ: ದಿನದ ಲೆಕ್ಕದ್ದೊಂದು ಚಾರ್ಟು, ಐದು ನಿಮಿಷದ್ದೊಂದು. ಬಲಗಡೆ, ಆಗಲೇ ಕೈಯಲ್ಲಿರುವ ಷೇರುಗಳು. ಒಂದು ಕಡೆ ಕಂಪನಿಯ ಹೆಸರು ಬದಲಿಸಿದರೆ ಚಾರ್ಟು, ಕೊಳ್ಳುವ-ಮಾರುವ ಆರ್ಡರಿನ ಚೌಕ ಎಲ್ಲ ಒಟ್ಟಿಗೆ ಬದಲಾಗಬೇಕು. ಮಾರುಕಟ್ಟೆ ತೆರೆಯುವ ಹೊತ್ತಿಗೆ ಹೀಗೆ ಜೋಡಿಸಿಟ್ಟ ಒಂದು ಪುಟ, ಮಧ್ಯಾಹ್ನಕ್ಕೊಂದು, ಎಲ್ಲ ಕುಸಿಯುವ ದಿನಕ್ಕೆಂದೇ 'ಬೆಂಕಿ' ಎಂಬ ಇನ್ನೊಂದು. ಹದಿನಾಲ್ಕು ಮೇಜುಗಳಿಗೂ ಅವರವರ ಕಣ್ಣಿಗೆ, ಅಭ್ಯಾಸಕ್ಕೆ ಒಗ್ಗುವಂತೆ ಅವಳೇ ಹೊಂದಿಸಿಕೊಟ್ಟಿದ್ದಳು. ಯಾರೂ ಮಾಡೆಂದು ಹೇಳಿರಲಿಲ್ಲ.

ಪಕ್ಕದ ಮೇಜಿನ ವೌಟರನದು ಬೇರೆ ಕಥೆ. ಆರು ವರ್ಷದ ಹಿಂದೆ ಅವನು ಪರದೆಗೆ ಮೂಗು ತಾಗಿಸಿ ಕೂತಿದ್ದನ್ನು ನೋಡಿ ಏನೆಂದು ಕೇಳಿದ್ದಳು. ಕೆಂಪು, ಹಸಿರು ತನಗೆ ಒಂದೇ ಥರ ಕಾಣುತ್ತವೆಂದು ಅವನು ಪಿಸುಗುಟ್ಟಿದ್ದ. "ಯಾರಿಗೂ ಹೇಳ್ಬೇಡ ಮಾರಾಯ್ತಿ." ಅವಳು ಅವನ ಚಾರ್ಟಿನಲ್ಲಿ ಏರಿದ್ದಕ್ಕೆ ಹಸಿರಿನ ಬದಲು ನೀಲಿ, ಇಳಿದಿದ್ದಕ್ಕೆ ಕೆಂಪಿನ ಬದಲು ಕಿತ್ತಳೆ ಬಣ್ಣ ಮಾಡಿಕೊಟ್ಟಳು. ಅಲ್ಲಿಂದ ಅವನು ಒಂದು ದಿನವೂ ಎಡವಿದವನಲ್ಲ.

ಮಾರ್ಚ್ ತಿಂಗಳ ಒಂದು ಸೋಮವಾರ ಬಂದು ನೋಡಿದರೆ ಎಲ್ಲ ಪರದೆಗಳೂ ಒಂದೇ ಅಚ್ಚು! ಒಂದೊಂದರಲ್ಲೂ ಹದಿನಾರು ಪುಟಾಣಿ ಚಾರ್ಟು, ಮೇಲೆ ಕಂಪನಿಯ ಮುದ್ರೆ. ಹಳೆಯ ಪುಟಗಳೆಲ್ಲ ಅಳಿಸಿಹೋಗಿದ್ದವು. ಚಳಿಗಾಲದಲ್ಲಷ್ಟೇ ಬಂದಿದ್ದ ಹೊಸ ಮುಖ್ಯಸ್ಥ ಯೂರಿಯಾನನ ಕೆಲಸ ಅದು. ಷೇರು ಕೊಂಡು ಮಾರಿ ಗೊತ್ತಿಲ್ಲದ ಮನುಷ್ಯ.

"ನಮ್ಮ ಪುಟಗಳು ಎಲ್ಲಿ?"

"ಒಬ್ಬೊಬ್ಬರದು ಒಂದೊಂದು ಥರ ಇದ್ರೆ ನೋಡೋಕೆ ಸಂತೆ ಥರ ಇರತ್ತೆ ಗೆರ್ದೀನ್. ನಾಲ್ಕು ದಿನ ನೋಡಿ, ರೂಢಿಯಾಗತ್ತೆ."

"ನೋಡೋಕೆ ಬರೋರಿಗೋಸ್ಕರ ಇಟ್ಟಿದ್ದಲ್ಲಪ್ಪ ಅದು, ಕೆಲಸ ಮಾಡೋರಿಗೆ! ಹೋಗ್ಲಿ, ವೌಟರನ ಬಣ್ಣನಾದ್ರೂ ವಾಪಸ್ ಕೊಡು. ಯಾಕೆ ಅಂತ ಅವನನ್ನೇ ಕೇಳು."

"ಬಣ್ಣದ ಆಸೆಗೆಲ್ಲ ಕುಣಿಯೋಕಾಗತ್ತಾ?" ಎಂದು ನಕ್ಕ. ಕೇಳಲು ಹೋಗಲೇ ಇಲ್ಲ. ವೌಟರನೂ ಸಂಕೋಚದಿಂದ ಬಾಯಿ ಬಿಡಲಿಲ್ಲ.

ಗುರುವಾರ ಹನ್ನೊಂದು ಗಂಟೆಗೆ ಒಂದು ಹಡಗು ಕಂಪನಿಯ ಷೇರು ಸರ್ರನೆ ಜಾರತೊಡಗಿತು. ಬೆರಳಗಲದ ಚಾರ್ಟಿನಲ್ಲಿ ಸಾಲಾಗಿ ಬಂದ ಕೆಂಪು ಕಡ್ಡಿಗಳನ್ನು ವೌಟರ್ ಹಸಿರೆಂದುಕೊಂಡ. ಏರುತ್ತಿದೆಯೆಂದು ಕೊಂಡ, ಮತ್ತೆ ಕೊಂಡ. ತಪ್ಪು ತಿಳಿಯುವಷ್ಟರಲ್ಲಿ ಅವನ ಮೂರು ತಿಂಗಳ ಗಳಿಕೆ ನೀರುಪಾಲಾಗಿತ್ತು.

ಯೂರಿಯಾನ್ ಎಲ್ಲರನ್ನೂ ಕರೆದು ನಿಲ್ಲಿಸಿದ. "ಏರಿದ್ದು ಇಳಿದಿದ್ದು ಗೊತ್ತಾಗದವರು ಈ ಮೇಜಲ್ಲಿ ಇರಬಾರ್ದು," ಎಂದ. ವೌಟರನ ಕಿವಿ ಕೆಂಪಾಯಿತು. ತಲೆ ತಗ್ಗಿಸಿ ನಿಂತ.

ಗೆರ್ದೀನಳಿಗೆ ಮೈಯೆಲ್ಲ ಉರಿದುಹೋಯಿತು. ವೌಟರನ ಕಡೆ ನೋಡಿದಳು. ಅವನು ಹೇಳು ಎಂಬಂತೆ ತಲೆಯಾಡಿಸಿದ.

"ಅವನಿಗೆ ಗೊತ್ತಾಗ್ತಿತ್ತು, ನೀನು ಅಳಿಸೋವರೆಗೂ!" ಅವಳ ದನಿ ಹಳೆಯ ಕೂಗಾಟದ ದಿನಗಳಷ್ಟು ಏರಿತು. "ಕೆಂಪು ಹಸಿರು ಅವನಿಗೆ ಬೇರೆ ಬೇರೆ ಕಾಣಲ್ಲ. ಆರು ವರ್ಷ ನೀಲಿ, ಕಿತ್ತಳೇಲಿ ದುಡಿದ. ಸೋಮವಾರವೇ ಅವನನ್ನು ಕೇಳು ಅಂದೆ ನಾನು, ಬಣ್ಣದ ಆಸೆ ಅಂದೆ ನೀನು. ಅವನ ಕನ್ನಡಕ ಕಿತ್ತುಕೊಂಡು, ಓದೋಕೆ ಬರಲ್ಲ ಅಂತ ಬೈತೀಯಲ್ಲ, ನಾಚಿಕೆ ಆಗಲ್ವಾ?"

ಯೂರಿಯಾನ್ ಫೋನು ನೋಡುತ್ತ, "ಇದನ್ನ ಆಮೇಲೆ ಮಾತಾಡೋಣ," ಎಂದು ಒಳಗೆ ಹೋದ.

ವೌಟರನ ಮೇಜು ಉಳಿಯಿತು. ಆದರೆ ಅಳಿಸಿದ ಪುಟಗಳು ಎಲ್ಲೂ ಸಿಗಲಿಲ್ಲ. ಮರುದಿನ ಊಟದ ಬಿಡುವಿನಲ್ಲಿ ಗೆರ್ದೀನ್ ಚೀಸು ಬ್ರೆಡ್ಡು ಕಚ್ಚುತ್ತ, ಮಜ್ಜಿಗೆ ಕುಡಿಯುತ್ತ, ನೆನಪಿನಿಂದ ಹಾಳೆಯ ಮೇಲೆ ಒಂದೊಂದೇ ಪುಟ ಬರೆದು ಮತ್ತೆ ಜೋಡಿಸಿದಳು. ಮೊದಲು ವೌಟರನದು.

ಮುಂದಿನ ವಾರ ಯೂರಿಯಾನನೇ ಬಂದ. ಹೊಸಬರಿಗೆ ಪರದೆ ಜೋಡಿಸುವುದನ್ನು ಅವಳು ಕಲಿಸಬೇಕಂತೆ.

"ಕಲಿಸ್ತೀನಿ. ಮೊದಲು ವೌಟರನ ಹತ್ರ ತಪ್ಪಾಯ್ತು ಅನ್ನು."

"ಈಗಲೇ ಇ-ಮೇಲ್ ಕಳಿಸ್ತೀನಿ."

"ಬೈದಿದ್ದು ಇ-ಮೇಲ್‌ನಲ್ಲಾ? ಹತ್ತು ಜನರ ಮುಂದೆ ಬೈದೆ, ಹತ್ತು ಜನರ ಮುಂದೆ ಹೇಳು."

ಹೇಳಿದ, ಕಿಟಕಿಯಾಚೆಯ ದೋಣಿ ನೋಡುತ್ತ, ಒಂದೇ ಉಸಿರಿಗೆ. ವೌಟರ್ "ಆಯ್ತು ಬಿಡಿ," ಎಂದು ಕೆಲಸಕ್ಕೆ ತಿರುಗಿದ. ಗೆರ್ದೀನಳಿಗೆ ಮಾತ್ರ ಬಿಡಲಾಗಲಿಲ್ಲ. ಸಂಜೆ ಎದುರುಗಾಳಿಯಲ್ಲಿ ಸೈಕಲ್ ತುಳಿಯುತ್ತ, ಮನೆ ಮುಟ್ಟುವವರೆಗೂ ಯೂರಿಯಾನನನ್ನು ಗಟ್ಟಿಯಾಗಿಯೇ ಬೈದುಕೊಂಡು ಹೋದಳು.