ಎದುರುಮನೆಯವರ ಬೇಡ, ನಮ್ಮ ಬೇಡ

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಬಾಣಂತನಕ್ಕೆಂದು ಅಮ್ಮ ಮೈಸೂರಿನಿಂದ ದುಬೈಗೆ ಬಂದಳು. ಕರಾಮದ ನಮ್ಮ ಫ್ಲಾಟಿನ ಎದುರುಮನೆಯಲ್ಲಿ ಈಜಿಪ್ಟಿನ ಹೆಂಗಸೊಬ್ಬರಿದ್ದರು. ಮಗು ನೋಡಲು ಬಂದವರು ಅಮ್ಮನ ಕೈಹಿಡಿದು ಅರಬಿಯಲ್ಲಿ ಏನೋ ಕೇಳಿದರು. ಏನಾದರೂ ಬೇಕಾ ಅಂತಿರಬೇಕು ಎಂದುಕೊಂಡು ಅಮ್ಮ, "ಬೇಡ, ಬೇಡ" ಎಂದಳು. ಅವರ ಮುಖ ಅರಳಿತು. ಮನೆಗೆ ಹೋಗಿ ಒಂದು ಬಟ್ಟಲು ಬೇಯಿಸಿದ ಮೊಟ್ಟೆ ತಂದರು.

ಅಮ್ಮ ಜನ್ಮದಲ್ಲಿ ಮೊಟ್ಟೆ ಮುಟ್ಟಿದವಳಲ್ಲ. ಗಾಬರಿಯಿಂದ, "ಅಯ್ಯೋ, ಬೇಡಮ್ಮಾ!" ಎಂದಳು. ಮರುದಿನ ಬಟ್ಟಲು ಇನ್ನೂ ದೊಡ್ಡದಾಗಿತ್ತು.

"ಬೇಡ ಅಂದಷ್ಟೂ ತರ್ತಾರಲ್ಲೇ! ಇದೆಂಥ ಉಪಚಾರ?" ಅಮ್ಮನಿಗೆ ಅಳುವೇ ಬಂತು.

ಮತ್ತೊಮ್ಮೆ ಅವರು ಬಂದಾಗ ನಾನೇ ಎದ್ದು ಹೋಗಿ, ಅಮ್ಮ ಇದನ್ನು ತಿನ್ನುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದೆ. "ಮತ್ತೆ ಅವರೇ ಕೇಳಿದರಲ್ಲ?" ಎಂದು ಆಶ್ಚರ್ಯಪಟ್ಟ ಅವರು ಒಂದು ಮೊಟ್ಟೆ ಎತ್ತಿ ಹಿಡಿದು, "ಬೇಡ!" ಎಂದರು. ಅವರ ಅರಬಿಯಲ್ಲಿ ಮೊಟ್ಟೆಯ ಹೆಸರೇ ಅದು!

ಅಮ್ಮನಿಗೆ ತಿಳಿಸಿ, "ಇನ್ನುಮೇಲೆ 'ಲಾ' ಅಂದುಬಿಡು, ಅರಬಿಯಲ್ಲಿ ಇಲ್ಲ ಅಂತ" ಎಂದೆ.

"ಹುಟ್ಟಿದಾಗಿಂದ ಆಡ್ತಿರೋ ಮಾತು ಕಣೇ. ಈ ವಯಸ್ಸಲ್ಲಿ ನನ್ನ ನಾಲಿಗೆ ತಿರುಗುತ್ತಾ? ಅವರಿಗೇ ಕಲಿಸ್ತೀನಿ. ನೀನು ಮಧ್ಯ ಬಾಯಿ ಹಾಕ್ಬೇಡ."

ಅಮ್ಮ ಸೆರಗು ಸಿಕ್ಕಿಸಿಕೊಂಡಳು. ಎರಡೇ ಬೆರಳಲ್ಲಿ ಒಂದು ಮೊಟ್ಟೆ ಎತ್ತಿದಳು. "ಇದು ನಿಮ್ಮ ಬೇಡ." ಅದನ್ನು ಬಟ್ಟಲಿಗೆ ಹಾಕಿ, ಮುಖ ಸಿಂಡರಿಸಿ, ಎರಡೂ ಕೈಯಲ್ಲಿ ಬಟ್ಟಲನ್ನು ಆಚೆ ತಳ್ಳಿದಳು. "ಇದು ನಮ್ಮ ಬೇಡ."

ಅವರಿಗೆ ಮೊದಲು ಅರ್ಥವಾಗಲಿಲ್ಲ. ಅಮ್ಮ ಬಿಡಲಿಲ್ಲ, ಎತ್ತಿದಳು, ತಳ್ಳಿದಳು, ಮತ್ತೆ ಎತ್ತಿದಳು. ಕಡೆಗೆ ಹೊಳೆದಾಗ ಅವರು ನಗು ತಡೆಯಲಾರದೆ ನೆಲದ ಮೇಲೇ ಕೂತುಬಿಟ್ಟರು. ಅಮ್ಮ ಮಾತ್ರ ನಗಲಿಲ್ಲ. ಅವರೂ ಕೈಯಾಡಿಸಿ "ಬೇಡ" ಎಂದು ಸರಿಯಾಗಿ ಹೇಳುವವರೆಗೆ ಬಾಯಿಪಾಠ ಮಾಡಿಸಿ, ಆಮೇಲೆ ನಕ್ಕಳು. ಹೋಗಿ ಸೋಪು ಹಚ್ಚಿ ಕೈ ತೊಳೆದುಕೊಂಡಳು.

ಮರುದಿನ ಸಂಜೆ ಅವರು ಪಾತ್ರೆ ತುಂಬ ಜೀರಿಗೆ ಹಾಕಿದ ಬೇಳೆ ಸೂಪು ತಂದು, ನಿಂಬೆಹಣ್ಣು ಹಿಂಡಿ ಅಮ್ಮನಿಗೆ ಬಡಿಸಿದರು. ಅಮ್ಮ ಒಂದು ಬಟ್ಟಲು ಮುಗಿಸಿದಳು. ಅವರು ಸೌಟು ಹಿಡಿದು, "ಬಸ್?" ಎಂದರು.

ಅಮ್ಮ ಕಿಟಕಿಯತ್ತ ತಿರುಗಿದಳು. "ಯಾವ ಬಸ್ಸು? ಎಲ್ಲಿಗಂತೆ?"

"ಸಾಕಾ ಅಂತ ಕೇಳ್ತಿದ್ದಾರೆ ಅಮ್ಮ."

"ಸಾಕಾಗಿಲ್ಲ ಅನ್ನು" ಎಂದು ಅಮ್ಮ ಬಟ್ಟಲು ಮುಂದೆ ಹಿಡಿದಳು.