ಹೊಲಿಗೆ ಕಾಕು ಹೇಳಿಕೊಟ್ಟ ಸದ್ದು

೨೩ ನವೆಂಬರ್ ೧೯೮೬, ಭಾನುವಾರ, ಬೆಳಗ್ಗೆ ಏಳೂವರೆ. ಪುಣೆಯ ಹೊರವಲಯದ ನಿಗಡಿಯ ನಮ್ಮ ಮನೆಯಲ್ಲಿ ಅತ್ತಿಗೆ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಾಳೆ. ಆ ವಾಸನೆಗೆ ಪುಣೆಯ ಪೇಟೆಯಲ್ಲಿದ್ದ ನಮ್ಮ ಹಳೆಯ ಚಾಳು, ಅಲ್ಲಿನ ಹೊಲಿಗೆ ಕಾಕು ನೆನಪಾದರು...

ಎಲ್ಲರೂ ಕಾಕು, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದ ಅವರು ಗುಲಬರ್ಗಾ ಕಡೆಯವರು. ಗಂಡನ ಹೊಡೆತ ತಾಳದೆ ಒಬ್ಬರೇ ಬಂದು, ಬಟ್ಟೆ ಹೊಲಿದು ಬದುಕುತ್ತಿದ್ದರು. ೧೯೭೯ರ ಸಂಕ್ರಾಂತಿಗೆ ಚಾಳಿನ ಹೆಂಗಸರನ್ನೆಲ್ಲ ಅರಿಶಿನ ಕುಂಕುಮಕ್ಕೆ ಕರೆದರು. ನಾನಾಗ ಎಂಟನೇ ಇಯತ್ತೆ.

“ಯಾರ ಮನ್ಯಾಗರ ಹೊಡ್ತ ಬಿದ್ರ ತಾಟು ಬಡೀರಿ. ಕೇಳಿದವರೆಲ್ಲ ಲಟ್ಟಣಿಗಿ ಹಿಡ್ಕೊಂಡು ಬರೂಣು,” ಎಂದರು ಕಾಕು.

“ನಮ್ಮವ್ರು ಊಟಕ್ಕ ಕರದ್ರು ಅಂತ ಬಂದು ಕುಂತಾರು ನೋಡ್ರಿ!” ಎಂದು ಅವ್ವ ಎಲ್ಲರನ್ನೂ ನಗಿಸಿದಳು.

ನಗದೆ ಕುಳಿತಿದ್ದವಳು ಮಹಡಿಯ ಮೇಲೆ ಕಾಕುವಿನ ಪಕ್ಕದ ಖೋಲಿಯಲ್ಲಿದ್ದ ಸೊಸೆ. ಮರುವಾರವೇ ಅವಳ ತಾಟು ಸದ್ದು ಮಾಡಿತು. ಹೆಂಗಸರು ಬಾಗಿಲಿಗೆ ಹೋಗಿ ನಿಂತಾಗ ಅವಳ ಗಂಡ, ಇದು ನಮ್ಮ ಮನೆಯ ವಿಷಯ ಎಂದು ಮರಾಠಿಯಲ್ಲಿ ಕೂಗಾಡಿದ.

ಕಾಕು ನಮ್ಮತ್ತ ತಿರುಗಿದರು. “ಇವನ ಮನಿ ವಿಷಯ ಅಂತ್ರೀ. ಹಂಗಾರ ಆಕಿ ತಲಿ ನನ್ನ ಗ್ವಾಡಿಗೆ ಯಾಕ ಬಡಸ್ತಾನ?”

ಆಮೇಲೆ ಕಾಕು ಅವಳಿಗೆ ಹೊಲಿಗೆ ಕಲಿಸತೊಡಗಿದರು. ದೀಪಾವಳಿಗೆ ಅವಳು ಬೇರೆ ಖೋಲಿ ಹಿಡಿಯುವುದೆಂದು ಇಬ್ಬರೂ ನಿಶ್ಚಯಿಸಿದ್ದರು.

ಅದಕ್ಕೂ ಮೊದಲು ಗಣಪತಿ ಹಬ್ಬ ಬಂತು. ಕೆಳಗೆ ಅಂಗಳದಲ್ಲಿ ಸಂಜೆಯ ಆರತಿಗೆ ತಾಳ, ಜಾಗಟೆ, ಕೈಗೆ ಸಿಕ್ಕ ತಾಟು ಎಲ್ಲವನ್ನೂ ಬಡಿಯುವುದು ಚಾಳಿನ ರೂಢಿ. ಮಹಡಿಯಿಂದಲೂ ತಾಟಿನ ಸದ್ದು ಬಂತು. ಸೊಸೆ ಅಲ್ಲಿಂದಲೇ ಆರತಿಗೆ ಜೊತೆಗೂಡಿದ್ದಾಳೆ ಎಂದುಕೊಂಡೆವು. ಕಾಕು ಕೂಡ ಮೇಲೆ ನೋಡಿ ನಕ್ಕು, ಇನ್ನಷ್ಟು ಜೋರಾಗಿ ತಾಳ ಹಾಕಿದರು.

ಆರತಿ ಮುಗಿಯಿತು. ಮೇಲಿನ ಸದ್ದು ಯಾವಾಗಲೋ ನಿಂತಿತ್ತು...

ಕಾಕು ಪ್ರಸಾದ ಅಲ್ಲೇ ಬಿಟ್ಟು ಓಡಿದರು. ಬಾಗಿಲು ಮುರಿದಾಗ ಅವಳಿಗೆ ಪ್ರಜ್ಞೆ ಇರಲಿಲ್ಲ. ಆಸ್ಪತ್ರೆಯಿಂದ ಅವಳನ್ನು ಗಂಡನ ಕಡೆಯವರು ಶಿರೂರಿನಾಚೆಯ ತಮ್ಮ ಹಳ್ಳಿಗೆ ಒಯ್ದರು.

“ಆಕಿ ಕರದಾಳ, ನಾ ತಾಳ ಹಾಕೀನಿ...” ಕಾಕು ಇದೊಂದನ್ನೇ ಹೇಳುತ್ತಿದ್ದರು. ಯಾರು ಸಮಾಧಾನ ಮಾಡಿದರೂ ಕೇಳಲಿಲ್ಲ. ಒಂದು ಬೆಳಗ್ಗೆ ಅವಳನ್ನು ಹುಡುಕಲು ಶಿರೂರು ಬಸ್ಸು ಹತ್ತಿದರು. ಮತ್ತೆ ಬರಲಿಲ್ಲ. ಮಾಲಕ ಅವರ ಖೋಲಿಯನ್ನು ಬೇರೆಯವರಿಗೆ ಕೊಟ್ಟ.

ಈಗ ನಿಗಡಿಯಲ್ಲಿ ನಾವು ಕೆಲವರು ಸದ್ದಿಗೆ ಕಾಯುವುದಿಲ್ಲ. ಅನುಮಾನ ಬಂದ ಮನೆಗೆ ನಾವೇ ಹೋಗಿ ಹೆಣ್ಣುಮಕ್ಕಳನ್ನು ಮಾತಾಡಿಸುತ್ತೇವೆ, ಅವರು ಹೊರಡುತ್ತೇನೆಂದರೆ ಜೊತೆಗೆ ನಡೆಯುತ್ತೇವೆ. ಇದನ್ನು ಹೇಳೋಣವೆಂದರೆ ಕಾಕು ಇಲ್ಲ.

ಆ ಇಬ್ಬರಲ್ಲಿ ಯಾರನ್ನಾದರೂ ಕಂಡವರಿದ್ದರೆ ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ಬದುಕಿದ್ದಾರೆ ಎಂಬ ಒಂದು ಸಾಲು ಸಾಕು. ಇಲ್ಲವಾದರೆ... ಅದನ್ನೂ ಬರೆಯಿರಿ.